ಮೋಡಲ್ ಪರದೆಯ ಎತ್ತರ: ಅಳತೆ ಯಾರಿಗೆ ಹೇಳಬೇಕು?

ಮಂಡ್ಯದ ಆಲೆಮನೆಯೊಂದರ ಲೆಕ್ಕದ ಆ್ಯಪ್ ಅಂದುಕೊಳ್ಳಿ. ‘ಹೊಸ ಲೋಡ್’ ಒತ್ತಿದರೆ ರೈತರ ಹೆಸರು, ಊರು, ಕಬ್ಬಿನ ತೂಕ ಕೇಳುವ ಮೋಡಲ್ ಪರದೆ, ಅಂದರೆ ಇರುವ ಪರದೆಯ ಮೇಲೆ ತೆರೆದುಕೊಳ್ಳುವ ಶೀಟ್, ಕೆಳಗಿನಿಂದ ಏಳಬೇಕು. ಮೂರೇ ಸಾಲು, ಒಂದು ಬಟನ್. ಅಷ್ಟಕ್ಕೆ ಇಡೀ ಐಫೋನ್ ಮುಚ್ಚಬೇಕಿಲ್ಲ.

ಹೊಸಬರು ವ್ಯೂ ಡಿಡ್ ಲೋಡ್‌ನಲ್ಲೇ (ಪರದೆ ಮೊದಲು ಸಿದ್ಧವಾದಾಗ ಓಡುವ ಕೋಡ್) ಫ್ರೇಮ್‌ನ, ಅಂದರೆ ಪರದೆಯ ಚೌಕಟ್ಟಿನ, ಎತ್ತರ ಬರೆದುಬಿಡುತ್ತಾರೆ. ಅದು ನಿಲ್ಲುವುದಿಲ್ಲ. ಪರದೆಯನ್ನು ತೆರೆದು ತೋರಿಸುವ ಪ್ರೆಸೆಂಟೇಶನ್ ಕಂಟ್ರೋಲರ್ ಆಮೇಲೆ ಬಂದು ತನ್ನ ಫ್ರೇಮ್ ಹಾಕುತ್ತದೆ. ಹಾಗಾಗಿ ಅಳತೆಯನ್ನು ಹೇಳಬೇಕಾದ್ದು ಅದಕ್ಕೇ.

ಐಪ್ಯಾಡ್‌ನಲ್ಲಿ ಕೆಲಸ ಸುಲಭ: ತೆರೆಯುವ ಶೈಲಿ ಫಾರ್ಮ್ ಶೀಟ್ (ನಡುವೆ ತೇಲುವ ಚಿಕ್ಕ ಪರದೆ), ಜೊತೆಗೆ ಪ್ರಿಫರ್ಡ್ ಕಂಟೆಂಟ್ ಸೈಜ್ (ನಮಗೆ ಬೇಕಾದ ಅಳತೆ). ಐಫೋನ್‌ನ ಕಿರಿದಾದ ಅಗಲದಲ್ಲಿ ಈ ಸೈಜ್ ನಡೆಯುವುದಿಲ್ಲ. ಅಲ್ಲಿ ಡಿಟೆಂಟ್ ಬೇಕು, ಅಂದರೆ ಶೀಟ್ ನಿಲ್ಲುವ ಎತ್ತರ. ಐಒಎಸ್ 15ರಲ್ಲಿ ಬಂದದ್ದು ಮೀಡಿಯಂ (ಸುಮಾರು ಅರ್ಧ ಪರದೆ), ಲಾರ್ಜ್ (ಪೂರ್ತಿ) ಎರಡೇ; ನಮಗೆ ಬೇಕಾದ ಎತ್ತರ ಕೊಡುವ ಕಸ್ಟಮ್ ಡಿಟೆಂಟ್ ಸಿಕ್ಕಿದ್ದು 16ರಲ್ಲಿ. ಪರದೆ ಕಟ್ಟುವ ಆ್ಯಪಲ್‌ನ ಹೊಸ ಸಾಧನವಾದ ಸ್ವಿಫ್ಟ್‌ಯುಐನ ಪ್ರೆಸೆಂಟೇಶನ್ ಡಿಟೆಂಟ್ಸ್ ಕೂಡ 16ರದ್ದೇ.

ಎತ್ತರವನ್ನು 260 ಪಾಯಿಂಟ್ (ಪರದೆಯ ಅಳತೆಯ ಏಕಮಾನ) ಎಂದು ಕೈಯಾರೆ ಬರೆಯಬೇಡಿ. ಇಂಗ್ಲಿಷ್ ಲೇಬಲ್ ಇಟ್ಟು ಪರೀಕ್ಷಿಸಿದರೆ ಎಲ್ಲ ಸರಿ ಕಾಣುತ್ತದೆ. ಕನ್ನಡ ಹಾಕಿದ ಕೂಡಲೇ ಒತ್ತಕ್ಷರ ಕತ್ತರಿಸಿಹೋಗಬಹುದು. ‘ಮದ್ದೂರು’, ‘ಶ್ರೀರಂಗಪಟ್ಟಣ’ ಬರೆದು ನೋಡಿ. ಅದರ ಮೇಲೆ, ಬಳಸುವವರು ಅಕ್ಷರದ ಗಾತ್ರ ದೊಡ್ಡದು ಮಾಡಿಕೊಂಡಿದ್ದರೆ ಬಟನ್ನೇ ಮಾಯ. ಕೈಯಾರೆ ಬರೆಯುವ ಬದಲು, ಒಳಗಿನ ವಿಷಯಕ್ಕೆ ಬೇಕಾದ ಅಳತೆ ಲೆಕ್ಕ ಹಾಕುವ ಸಿಸ್ಟಮ್ ಲೇಔಟ್ ಸೈಜ್ ಫಿಟ್ಟಿಂಗ್‌ಗೆ ಶೀಟ್‌ನ ಅಗಲ ಕೊಡಿ (ಅಡ್ಡಕ್ಕೆ ಆದ್ಯತೆ ರಿಕ್ವೈರ್ಡ್, ಉದ್ದಕ್ಕೆ ಫಿಟ್ಟಿಂಗ್ ಸೈಜ್ ಲೆವೆಲ್; ಅಂದರೆ ಅಗಲ ಬದಲಾಗದು, ಎತ್ತರ ವಿಷಯಕ್ಕೆ ತಕ್ಕಷ್ಟು), ಬಂದ ಎತ್ತರವನ್ನು ಡಿಟೆಂಟ್‌ಗೆ ದಾಟಿಸಿ.

ಉತ್ತರ ಸೊನ್ನೆಯೋ ತೀರಾ ಕಡಿಮೆಯೋ ಬಂದರೆ, ಮೇಲಿನಿಂದ ಕೆಳಗಿನವರೆಗೆ ಕನ್‌ಸ್ಟ್ರೇಂಟ್‌ಗಳ (ಒಂದನ್ನು ಇನ್ನೊಂದಕ್ಕೆ ಕಟ್ಟುವ ಅಂತರದ ನಿಯಮಗಳ) ಸರಪಳಿ ಎಲ್ಲೋ ಕಡಿದಿದೆ. ಸಾಮಾನ್ಯವಾಗಿ ಕೊನೆಯ ಬಟನ್ನಿನ ಕೆಳ ಅಂಚನ್ನು ಕಟ್ಟಿರುವುದಿಲ್ಲ. ಕೆಳಗೆ ಖಾಲಿ ಜಾಗ ಉಳಿದರೆ, ಸೇಫ್ ಏರಿಯಾವನ್ನು (ಪರದೆಯ ಕೆಳ ಅಂಚಿನಲ್ಲಿ ಬಿಡುವ ಅಂತರ) ಎರಡು ಸಲ ಕೂಡಿಸಿದ್ದೀರಿ: ಡಿಟೆಂಟ್‌ಗೆ ಕೊಡುವ ಸಂಖ್ಯೆಯಲ್ಲಿ ಅದು ಸೇರಬಾರದು, ಸಿಸ್ಟಮ್ಮೇ ಸೇರಿಸಿಕೊಳ್ಳುತ್ತದೆ. ಹೋಮ್ ಬಟನ್ ಇಲ್ಲದ ಐಫೋನ್ ನೆಟ್ಟಗಿದ್ದಾಗ ಆ ಅಂತರ 34 ಪಾಯಿಂಟ್. ಮೇಲೆ ತಲೆಬರಹದ ಪಟ್ಟಿ, ಅಂದರೆ ನ್ಯಾವಿಗೇಶನ್ ಬಾರ್, ಇದ್ದರೆ ಮಾತ್ರ ಅದರ ಎತ್ತರ ನೀವೇ ಕೂಡಿಸಬೇಕು. ಆಗ ಶೈಲಿಯನ್ನು ಇಡಬೇಕಾದ್ದು ಹೊರಗಿನ ನ್ಯಾವಿಗೇಶನ್ ಕಂಟ್ರೋಲರ್ ಮೇಲೆ. ತೆರೆದುಕೊಳ್ಳುವುದು ಅದೇ ತಾನೆ.

‘ತೂಕ ನಮೂದಿಸಿ’ ಎಂಬ ಕೆಂಪು ಸಾಲು ಮಧ್ಯದಲ್ಲಿ ಮೂಡಿದರೆ ಶೀಟ್ ತಾನಾಗಿ ಬೆಳೆಯದು. ಅನಿಮೇಟ್ ಚೇಂಜಸ್ ಒಳಗೆ ಇನ್‌ವ್ಯಾಲಿಡೇಟ್ ಡಿಟೆಂಟ್ಸ್ ಕರೆಯಿರಿ. ಡಿಟೆಂಟ್‌ನ ಕ್ಲೋಶರ್ (ಎತ್ತರ ಲೆಕ್ಕ ಹಾಕುವ ಕೋಡ್ ತುಣುಕು) ಮತ್ತೆ ಓಡಿ ಹೊಸ ಎತ್ತರ ಕೊಡುತ್ತದೆ. ಮೊದಲ ಎತ್ತರವನ್ನು ಕ್ಲೋಶರ್‌ನ ಹೊರಗೆ ಸ್ಥಿರಾಂಕವಾಗಿ ಹಿಡಿದಿಟ್ಟಿದ್ದರೆ, ಎಷ್ಟು ಸಲ ಕರೆದರೂ ಅದೇ ಹಳೆಯ ಸಂಖ್ಯೆ ಬರುತ್ತದೆ.