ವಿಮಾನಕ್ಕೆ ಒಂದು ಚೂರು, ತೈಲಕ್ಕೆ ಇಡೀ ನೆಲ: ಕೊಲ್ಲಿ ಕರಾವಳಿಯ 1930ರ ದಶಕದ ಕರಾರುಗಳು

ಸಂಯುಕ್ತ ಅರಬ್ ಎಮಿರೇಟ್ಸ್‌ನ ನಕಾಶೆಯನ್ನು ಗಮನವಿಟ್ಟು ನೋಡಿದವರಿಗೆ ಶಾರ್ಜಾ ಒಂದೇ ತುಂಡಾಗಿಲ್ಲ ಎಂಬುದು ತಿಳಿಯುತ್ತದೆ. ಅದರ ಮುಖ್ಯ ಊರು ಕೊಲ್ಲಿಯ ಕಡೆಗಿದ್ದರೆ, ಕಲ್ಬಾದಂಥ ಭಾಗಗಳು ಬೆಟ್ಟಸಾಲಿನಾಚೆ, ಓಮಾನ್ ಕೊಲ್ಲಿಯ ದಂಡೆಯಲ್ಲಿವೆ. ಇದಕ್ಕೆ ಬುಡಕಟ್ಟುಗಳ ಹಳೆಯ ನಿಷ್ಠೆಗಳೇ ಮೂಲ ಕಾರಣ ಎನ್ನುವುದು ನಿಜ. ಆದರೆ ಯಾವ ಶೇಖನನ್ನು ಸ್ವತಂತ್ರ ಆಡಳಿತಗಾರನೆಂದು ಕಾಗದದ ಮೇಲೆ ಒಪ್ಪಬೇಕು, ಅವನ ನೆಲ ಎಲ್ಲಿಯವರೆಗೆ ಎಂದು ಬರೆಯಬೇಕು ಎಂಬ ಪ್ರಶ್ನೆಗಳು ತುರ್ತಾಗಿ ಎದ್ದದ್ದು 1930ರ ದಶಕದಲ್ಲಿ. ಆ ತುರ್ತಿಗೆ ಎರಡು ಕಾರಣಗಳಿದ್ದವು: ಲಂಡನ್ನಿನಿಂದ ಭಾರತಕ್ಕೆ ಹಾರುವ ವಿಮಾನಗಳಿಗೆ ಇಳಿಯಲು ಜಾಗ ಬೇಕಿತ್ತು, ತೈಲ ಕಂಪನಿಗಳಿಗೆ ಅಗೆಯಲು ನೆಲ ಬೇಕಿತ್ತು.

ಹತ್ತೊಂಬತ್ತನೆಯ ಶತಮಾನದುದ್ದಕ್ಕೂ ಬ್ರಿಟಿಷರಿಗೆ ಇಲ್ಲಿ ಬೇಕಾಗಿದ್ದುದು ಸಮುದ್ರದ ಶಾಂತಿ ಮಾತ್ರ. ಒಳನಾಡನ್ನು ಯಾರು ಆಳುತ್ತಾರೆ ಎಂಬುದು ಅವರಿಗೆ ಮುಖ್ಯವಾಗಿರಲಿಲ್ಲ. ವ್ಯವಹಾರವನ್ನೆಲ್ಲ ಪರ್ಶಿಯಾದ, ಅಂದರೆ ಇಂದಿನ ಇರಾನಿನ, ಬುಶೈರ್‌ನಲ್ಲಿದ್ದ ರೆಸಿಡೆಂಟನ (ಬ್ರಿಟಿಷ್ ರಾಜಕೀಯ ಪ್ರತಿನಿಧಿಯ) ಮೂಲಕ ಬ್ರಿಟಿಷ್ ಭಾರತದ ಸರ್ಕಾರವೇ ನೋಡಿಕೊಳ್ಳುತ್ತಿತ್ತು, ಪೇಟೆಗಳಲ್ಲಿ ನಡೆಯುತ್ತಿದ್ದುದೂ ಭಾರತದ ರೂಪಾಯಿಯೇ. ಮುಂದೆ ಹೇಳುವ ಬಾಡಿಗೆ, ರಾಜಸ್ವಗಳೆಲ್ಲ ರೂಪಾಯಿ ಲೆಕ್ಕದಲ್ಲಿರುವುದಕ್ಕೆ ಇದೇ ಕಾರಣ. ತೈಲದ ವಾಸನೆ ಬಡಿದೊಡನೆ 1913ರಲ್ಲಿ ಕುವೈತ್, 1914ರಲ್ಲಿ ಬಹ್ರೇನ್, 1922ರಲ್ಲಿ ಒಡಂಬಡಿಕೆಯ ಕರಾವಳಿಯ (ಬ್ರಿಟಿಷರೊಂದಿಗೆ ಒಡಂಬಡಿಕೆ ಮಾಡಿಕೊಂಡಿದ್ದ, ಇಂದಿನ ಎಮಿರೇಟ್ಸ್ ಇರುವ ದಂಡೆಯ) ಶೇಖರು, ಬ್ರಿಟಿಷ್ ಸರ್ಕಾರ ಒಪ್ಪಿದವರಿಗಲ್ಲದೆ ಬೇರೆಯವರಿಗೆ ತೈಲದ ಹಕ್ಕು ಕೊಡುವುದಿಲ್ಲವೆಂದು ಬರೆದುಕೊಟ್ಟಿದ್ದರು. ಆ ಪತ್ರಗಳು ಮುಂದಿನ ಒಂದು ದಶಕ ಹೆಚ್ಚೂಕಡಿಮೆ ಪೆಟ್ಟಿಗೆಯಲ್ಲೇ ಉಳಿದವು.

ವಿಮಾನವು ಆ ನಡುವೆ ಬಂದಿತು. 1921ರಲ್ಲಿ ಕೈರೊದಿಂದ ಬಾಗ್ದಾದಿಗೆ ವಾಯುಪಡೆಯ ಅಂಚೆ ಹಾರಾಟ ಆರಂಭವಾದಾಗ, ಪೈಲಟ್‌ಗಳು ದಾರಿ ತಪ್ಪದಿರಲೆಂದು ಮರುಭೂಮಿಯ ಮೇಲೆ ನೇಗಿಲಿನ ಗೆರೆ ಎಳೆಯಲಾಗಿತ್ತು. 1927ರಲ್ಲಿ ಬ್ರಿಟನ್ನಿನ ವಿಮಾನ ಸಂಸ್ಥೆ ಇಂಪೀರಿಯಲ್ ಏರ್‌ವೇಸ್ ಬಸ್ರಾದವರೆಗೆ ಬಂದಿತು. ಅಲ್ಲಿಂದ ಕರಾಚಿಗೆ ಹೋಗುವ ಸಹಜ ದಾರಿ ಪರ್ಶಿಯಾದ ದಂಡೆಯಾಗಿತ್ತು, ಆದರೆ ಅನುಮತಿ ಸಿಗಲು ಎರಡು ವರ್ಷ ಹಿಡಿಯಿತು. 1929ರಲ್ಲಿ ಬುಶೈರ್, ಲಿಂಗೆ, ಜಾಸ್ಕ್ ಮೂಲಕ ಸೇವೆ ಆರಂಭವಾಯಿತಾದರೂ ಆ ಅನುಮತಿಯ ಗಡುವು 1932ಕ್ಕೇ ಮುಗಿಯುತ್ತಿತ್ತು. ಎದುರು ದಂಡೆ, ಅಂದರೆ ಅರಬರ ಕರಾವಳಿ, ಅನಿವಾರ್ಯವಾಯಿತು.

ಅನಿವಾರ್ಯವಾದುದು ವಿಮಾನ ಸಂಸ್ಥೆಗೆ, ಅಲ್ಲಿನ ಜನರಿಗಲ್ಲ. ರಾಸ್ ಅಲ್ ಖೈಮಾದ ಶೇಖನು ವಾಯುಪಡೆಯ ಪೆಟ್ರೋಲು ದೋಣಿಗೂ ಜಾಗ ಕೊಡಲು ಹಿಂಜರಿದನು. ದುಬೈನಲ್ಲಿ ಶೇಖನ ಬಂಧುಗಳೇ ಅಡ್ಡ ನಿಂತರು. ವಿದೇಶಿಯರಿಗೆ ಒಂದು ಅಂಗಳ ಬಿಟ್ಟುಕೊಟ್ಟರೆ ಮುಂದೆ ಮನೆಯೇ ಹೋಗುತ್ತದೆ ಎಂಬ ಅಂಜಿಕೆ ಇತ್ತು, ಅದು ಆಧಾರವಿಲ್ಲದ ಅಂಜಿಕೆಯಾಗಿರಲಿಲ್ಲ. ಕೊನೆಗೆ ಒಪ್ಪಿದವನು ಶಾರ್ಜಾದ ಶೇಖ್ ಸುಲ್ತಾನ್ ಬಿನ್ ಸಕ್ರ್. 1932ರ ಜುಲೈ 22ರ ಕರಾರಿನ ಪ್ರಕಾರ ಇಳಿದಾಣಕ್ಕೆ ತಿಂಗಳಿಗೆ 800 ರೂಪಾಯಿ ಬಾಡಿಗೆ, ಶೇಖನಿಗೆ ಸ್ವಂತಕ್ಕೆ ತಿಂಗಳಿಗೆ 500 ರೂಪಾಯಿ ಗೊತ್ತಾಯಿತು. ಪ್ರಯಾಣಿಕರು ರಾತ್ರಿ ತಂಗುವ ವಿಶ್ರಾಂತಿಗೃಹವನ್ನು ದಾಳಿಯ ಭಯದಿಂದ ಕೋಟೆಯಂತೆಯೇ ಕಟ್ಟಲಾಯಿತು. ಶೇಖನು ಒಪ್ಪಿದ್ದು ಏಕೆಂದು ಊಹಿಸಲು ಕಷ್ಟಪಡಬೇಕಿಲ್ಲ. ಜಗತ್ತಿನ ಆರ್ಥಿಕ ಕುಸಿತ ಮತ್ತು ಜಪಾನಿನ ಸಾಕಿದ ಮುತ್ತುಗಳ ನಡುವೆ ಸಿಕ್ಕಿ ಕೊಲ್ಲಿಯ ಮುತ್ತಿನ ವ್ಯಾಪಾರ ನೆಲಕಚ್ಚಿತ್ತು. ಅಂಥ ಹೊತ್ತಿನಲ್ಲಿ ತಪ್ಪದೆ ಬರುವ 800 ರೂಪಾಯಿ ಸಣ್ಣ ಮೊತ್ತವಲ್ಲ, ಅದನ್ನು ಒಪ್ಪಂದವೆನ್ನುವುದೋ ಬಡತನದ ಸಹಿ ಎನ್ನುವುದೋ ಎಂಬುದು ಬೇರೆ ಮಾತು.

ಅಕ್ಟೋಬರ್ ಮೊದಲ ವಾರದಲ್ಲಿ ವಿಮಾನಗಳು ಶಾರ್ಜಾದಲ್ಲಿ ಇಳಿಯತೊಡಗಿದವು. ಅದೇ ತಿಂಗಳ 15ರಂದು ಜೆ.ಆರ್.ಡಿ. ಟಾಟಾ ಕರಾಚಿಯಿಂದ ಮುಂಬಯಿಗೆ ಅಂಚೆ ಹೊತ್ತು ಹಾರಿದರು, ಮುಂಬಯಿಯಿಂದ ಬಳ್ಳಾರಿಯ ಮೂಲಕ ಮದರಾಸಿಗೆ ನೆವಿಲ್ ವಿನ್ಸೆಂಟ್ ಅದನ್ನು ಒಯ್ದರು. ಹೀಗೆ ಕೊಲ್ಲಿಯ ಮರಳಿನ ಮೇಲಿನ ಒಂದು ಇಳಿದಾಣವೂ ಬಳ್ಳಾರಿಯ ಮೈದಾನವೂ ಒಂದೇ ಅಂಚೆಸಾಲಿನ ಎರಡು ಕೊಂಡಿಗಳಾದವು.

1932 ಎಂಬ ವರ್ಷ ತೈಲದ ಕಥೆಯಲ್ಲೂ ತಿರುವಿನದು. ಆ ವರ್ಷದ ನಡುವೆ ಬಹ್ರೇನಿನ ಜಬಲ್ ದುಖಾನ್ ಗುಡ್ಡದಲ್ಲಿ ತೈಲ ಸಿಕ್ಕಿತು, ನವೆಂಬರಿನಲ್ಲಿ ಪರ್ಶಿಯಾದ ಶಾ 1901ರ ಹಳೆಯ ತೈಲ ಗುತ್ತಿಗೆಯನ್ನೇ ರದ್ದುಪಡಿಸಿದನು. ಉತ್ತರದ ದಂಡೆ ವಿಮಾನಕ್ಕೂ ತೈಲಕ್ಕೂ ಒಟ್ಟಿಗೇ ಸಂದೇಹಾಸ್ಪದವಾದಾಗ ದಕ್ಷಿಣದ ದಂಡೆಯ ಬೆಲೆ ಏರಿತು. ಬಹ್ರೇನಿನಲ್ಲಿ ತೈಲ ತೆಗೆದವರು ಅಮೆರಿಕದ ಹಣದ ಕಂಪನಿಯವರು ಎಂಬುದು ಲಂಡನ್ನಿನ ಚಿಂತೆಯನ್ನು ಇನ್ನಷ್ಟು ಹೆಚ್ಚಿಸಿತು.

ಎರಡು ಬೇಡಿಕೆಗಳು ಡಿಕ್ಕಿ ಹೊಡೆದದ್ದು ಇಲ್ಲಿಯೇ. ಇಳಿದಾಣಕ್ಕೆ ಬೇಕಾದುದು ಗಟ್ಟಿ ನೆಲದ ಒಂದು ಚೂರು, ಅದೂ ಊರಿನ ಪಕ್ಕದಲ್ಲಿ, ನೀರು ಮತ್ತು ಕಾವಲಿನ ಆಸರೆಯಲ್ಲಿ. ತೈಲ ಕಂಪನಿಗೆ ಬೇಕಾದುದು ಇಡೀ ನಾಡು, ಏಕೆಂದರೆ ತೈಲ ಎಲ್ಲಿದೆಯೆಂದು ಅಗೆಯುವ ಮುನ್ನ ಯಾರಿಗೂ ತಿಳಿದಿರುವುದಿಲ್ಲ. 1934ರ ಡಿಸೆಂಬರಿನಲ್ಲಿ ಕುವೈತಿನ ಶೇಖ್ ಅಹ್ಮದ್ ಸಹಿ ಹಾಕಿದ ಗುತ್ತಿಗೆಯು ಅವನ ಸಮಸ್ತ ನಾಡನ್ನೂ ದ್ವೀಪಗಳನ್ನೂ ಕಡಲಂಚನ್ನೂ 75 ವರ್ಷಗಳಿಗೆ ಒಳಗೊಂಡಿತ್ತು. ಸಹಿಯ ಹೊತ್ತಿಗೆ 4,75,000 ರೂಪಾಯಿ, ತೈಲ ಹೊರಟ ಮೇಲೆ ಟನ್ನಿಗೆ 3 ರೂಪಾಯಿ ಎಂದು ನಿಗದಿಯಾಯಿತು. ಶಾರ್ಜಾದ 800 ರೂಪಾಯಿಯ ಪಕ್ಕದಲ್ಲಿ ಈ ಅಂಕಿಯನ್ನಿಟ್ಟು ನೋಡಿದರೆ ಎರಡು ಉದ್ಯಮಗಳ ತೂಕದ ವ್ಯತ್ಯಾಸ ಅರ್ಥವಾಗುತ್ತದೆ.

ಆದರೂ ಕಾಗದದಲ್ಲಿ ಹೆಚ್ಚಿನ ಬಲವಿದ್ದುದು ವಿಮಾನಕ್ಕೇ. ಶೇಖನ ಜೊತೆಗಿನ ಗುತ್ತಿಗೆಯಲ್ಲದೆ ಬ್ರಿಟಿಷ್ ಸರ್ಕಾರವು ತೈಲ ಕಂಪನಿಯೊಂದಿಗೆ ಪ್ರತ್ಯೇಕವಾಗಿ ರಾಜಕೀಯ ಕರಾರು ಮಾಡಿಕೊಳ್ಳುತ್ತಿತ್ತು. ಕುವೈತಿಗೆ ಸಂಬಂಧಿಸಿದ್ದು 1934ರ ಮಾರ್ಚಿನಲ್ಲಿ, ಶೇಖನ ಸಹಿಗೂ ಒಂಬತ್ತು ತಿಂಗಳು ಮೊದಲೇ ಆಗಿತ್ತು. ರಕ್ಷಣೆ, ವಿಮಾನ ನಿಲ್ದಾಣ, ಜಲವಿಮಾನ ನೆಲೆ, ತಂತಿ ಮತ್ತು ನಿಸ್ತಂತು ಕೇಂದ್ರಗಳಿಗಾಗಿ ಶೇಖನೋ ಬ್ರಿಟಿಷ್ ಸರ್ಕಾರವೋ ಆರಿಸಿದ ಜಾಗಗಳನ್ನು ಕಂಪನಿ ಬಳಸುವಂತಿಲ್ಲ ಎಂಬುದು ಅದರ ಮುಖ್ಯ ಷರತ್ತುಗಳಲ್ಲೊಂದು. ಮೇಲ್ನೋಟಕ್ಕೆ ಇದು ಭೂಮಿಯ ವ್ಯಾಜ್ಯ ತಪ್ಪಿಸುವ ಎಚ್ಚರಿಕೆ. ಆದರೆ ನೆಲದ ಒಡೆಯನು ಸಹಿ ಹಾಕುವ ಮೊದಲೇ ಅವನ ನೆಲದ ಮೇಲಿನ ಆದ್ಯತೆಗಳನ್ನು ಬೇರೆ ಇಬ್ಬರು ಹಂಚಿಕೊಂಡಿದ್ದರು ಎಂಬುದನ್ನು ಮರೆಯಲಾಗದು. 1935ರ ಕತಾರ್ ಗುತ್ತಿಗೆಯಲ್ಲಂತೂ ತೈಲ, ಹೊರಗಿನ ದಾಳಿಯಿಂದ ರಕ್ಷಣೆಯ ಭರವಸೆ, ವಾಯುಪಡೆಗೆ ಸೌಲಭ್ಯ ಮೂರೂ ಒಂದೇ ಗಂಟಿನಲ್ಲಿ ಬಂದವು.

ಇದಕ್ಕಿಂತ ಆಳವಾದ ತೊಡಕು ಗಡಿಯದಾಗಿತ್ತು. ಅಲ್ಲಿನ ಜನರ ಲೆಕ್ಕದಲ್ಲಿ ನಾಡೆಂದರೆ ಗೆರೆಯಲ್ಲ, ಯಾವ ಬುಡಕಟ್ಟು ಯಾರಿಗೆ ಝಕಾತ್ (ಧಾರ್ಮಿಕ ತೆರಿಗೆ) ಕೊಡುತ್ತದೆ, ಯಾವ ಬಾವಿಯ ನೀರು ಯಾರ ಒಂಟೆಗಳಿಗೆ ಎಂಬುದು. ಕೋಟೆಯ ಪಕ್ಕದ ಇಳಿದಾಣಕ್ಕೆ ಈ ಲೆಕ್ಕವೇ ಸಾಕಿತ್ತು. 1937ರಲ್ಲಿ ದುಬೈ ಮತ್ತು ಶಾರ್ಜಾ, 1939ರಲ್ಲಿ ಅಬುಧಾಬಿ ತೈಲ ಗುತ್ತಿಗೆ ಕೊಟ್ಟಾಗ ಮಾತ್ರ ಒಳನಾಡಿನ ಯಾವ ಮರಳು ಯಾರದೆಂಬ ಪ್ರಶ್ನೆಗೆ ಉತ್ತರ ಬೇಕಾಯಿತು. ಕರಾವಳಿಯ ಶೇಖನ ಸಹಿಯನ್ನು ಒಳನಾಡಿನ ಬುಡಕಟ್ಟುಗಳು ಒಪ್ಪಲೇಬೇಕೆಂದೇನೂ ಇರಲಿಲ್ಲ. ಸರ್ವೆ ತಂಡಗಳು ಹಲವೆಡೆ ಹಿಂದಿರುಗಬೇಕಾಯಿತು. ಬ್ರಿಟಿಷ್ ಅಧಿಕಾರಿಗಳು ಬುಡಕಟ್ಟುಗಳನ್ನು ವಿಚಾರಿಸುತ್ತ ಗಡಿ ಗುರುತಿಸಿದ್ದು 1950ರ ದಶಕದಲ್ಲಿ.

ಹಣ ಯಾರ ಕೈಗೆ ಸೇರಿತು ಎಂಬುದೂ ಬೇಗನೆ ಪ್ರಶ್ನೆಯಾಯಿತು. 1937ರಿಂದ ದುಬೈನ ಕಡಲತೊರೆಯಲ್ಲಿ ಜಲವಿಮಾನಗಳು ಇಳಿಯುತ್ತಿದ್ದವು, ಅದೇ ವರ್ಷ ತೈಲ ಗುತ್ತಿಗೆಯ ಹಣವೂ ಬರತೊಡಗಿತು, ಎರಡೂ ನೇರವಾಗಿ ಶೇಖನ ಕೈ ಸೇರುತ್ತಿದ್ದವು. 1938ರಲ್ಲಿ ಅಲ್ಲಿನ ವರ್ತಕರೂ ಶೇಖನ ದಾಯಾದಿಗಳೂ ಮಜ್ಲಿಸ್, ಅಂದರೆ ಸಲಹಾ ಸಭೆ, ರಚಿಸಿ, ಆದಾಯದ ಬಹುಪಾಲು ಊರಿನ ಕೆಲಸಕ್ಕೆ ಸಲ್ಲಬೇಕೆಂದು ಪಟ್ಟು ಹಿಡಿದರು. 1939ರ ಮಾರ್ಚಿನಲ್ಲಿ ಅದನ್ನು ಬಲವಂತವಾಗಿ ಮುಚ್ಚಲಾಯಿತು.

ಇನ್ನು ಕಲ್ಬಾ. ಶಾರ್ಜಾದಿಂದ ಕರಾಚಿಗೆ ಹೊರಟ ವಿಮಾನಕ್ಕೆ ದಾರಿಯಲ್ಲಿ ತೊಂದರೆಯಾದರೆ ಇಳಿಯಲು ಓಮಾನ್ ಕೊಲ್ಲಿಯ ದಂಡೆಯಲ್ಲಿ ಒಂದು ತುರ್ತು ಇಳಿದಾಣ ಬೇಕಿತ್ತು. ಕಲ್ಬಾದ ಶೇಖನು ಜಾಗ ಕೊಡಲು ಒಪ್ಪಿದಾಗ, 1936ರಲ್ಲಿ, ಅವನ ಪುಟ್ಟ ಊರಿಗೆ ಒಡಂಬಡಿಕೆಯ ಸಂಸ್ಥಾನವೆಂಬ ಮನ್ನಣೆ ದೊರಕಿತು. ಅದಕ್ಕಿಂತ ದೊಡ್ಡ ಊರುಗಳ ಶೇಖರು ಅಂಥ ಮನ್ನಣೆಗಾಗಿ ಕಾಯುತ್ತಲೇ ಇದ್ದರು. ಯುದ್ಧದ ನಂತರ ವಿಮಾನಗಳು ದೂರ ಹಾರುವಂತಾದವು, ಜಲವಿಮಾನಗಳು 1947ರ ಹೊತ್ತಿಗೆ ನಿಂತವು, ತುರ್ತು ಇಳಿದಾಣವನ್ನು ಕೇಳುವವರಿಲ್ಲವಾದರು. 1952ರಲ್ಲಿ ಕಲ್ಬಾವನ್ನು ಮತ್ತೆ ಶಾರ್ಜಾಕ್ಕೆ ಸೇರಿಸಲಾಯಿತು.