ಬೆಳ್ಳಿ ಒಡವೆ ಹೇಗೆ ತಯಾರಾಯಿತು: ಹಿಂಬದಿಯಿಂದ ಓದುವ ಕ್ರಮ

ಹತ್ತು ಪಟ್ಟು ಹಿಗ್ಗಿಸಿ ತೋರಿಸುವ ಭೂತಗನ್ನಡಿ, ಓರೆಯಾಗಿ ಬೆಳಕು ಚೆಲ್ಲುವ ಒಂದು ದೀಪ, ಒಂದು ಹಾಳೆ ಬಿಳಿ ಕಾಗದ ಇದ್ದರೆ ಸಾಕು. ಮುಂಬದಿಯನ್ನು ಕೊನೆಗೆ ನೋಡಿ. ಅಲ್ಲಿನ ಗುರುತುಗಳನ್ನು ಪಾಲಿಶ್ ಚಕ್ರ ತಿಂದುಹಾಕಿರುತ್ತದೆ. ಚಕ್ರ ತಲುಪದ ಹಿಂಬದಿ, ಕಲ್ಲಿನ ಗೂಡಿನ ಬುಡ, ಕೊಂಡಿ ಕೂಡುವ ಸಂದು, ಇಲ್ಲಿ ಕೆಲಸದ ಜಾಡು ಉಳಿದಿರುತ್ತದೆ. 925 ಎಂಬ ಮುದ್ರೆ ಸಾವಿರದಲ್ಲಿ ಎಷ್ಟು ಪಾಲು ಬೆಳ್ಳಿ ಎಂದಷ್ಟೇ ಹೇಳುತ್ತದೆ, ಹೇಗೆ ಮಾಡಿದರು ಎಂದಲ್ಲ.

"ಕೈಕೆಲಸವೋ ಅಲ್ಲವೋ" ಎಂದು ಇಡೀ ಒಡವೆಗೆ ಒಂದೇ ತೀರ್ಪು ಕೊಡುವುದು ಕಲಿಯುವವರು ಸಾಮಾನ್ಯವಾಗಿ ಮಾಡುವ ತಪ್ಪು. ಒಂದೇ ಪದಕದಲ್ಲಿ ಅಚ್ಚೊತ್ತಿದ ಎಲೆ, ಕೈಯಲ್ಲಿ ಬಗ್ಗಿಸಿದ ಗೂಡು, ಎರಕದ ಕೊಂಡಿ ಮೂರೂ ಇರಬಹುದು. ಭಾಗಭಾಗವಾಗಿ ಬರೆದುಕೊಳ್ಳಿ.

ಬೆಸುಗೆಯೋ ಎರಕವೋ

ತಗಡು, ತಂತಿ ಕತ್ತರಿಸಿ ಬೆಸೆದದ್ದಾದರೆ ಒಳಮೂಲೆಗಳು ಚೂಪಾಗಿರುತ್ತವೆ, ತಗಡಿನ ದಪ್ಪ ಉದ್ದಕ್ಕೂ ಒಂದೇ ಸಮ. ತುಂಡುಗಳು ಕೂಡುವಲ್ಲಿ ಕೂದಲೆಳೆಯಂಥ ಗೆರೆ ಇರುತ್ತದೆ. ಬೆಸುಗೆಯ ಲೋಹದಲ್ಲಿ ಸಾಮಾನ್ಯವಾಗಿ ತಾಮ್ರದ ಜೊತೆ ಸತುವೂ ಸೇರಿರುವುದರಿಂದ ಅದರ ಬಣ್ಣ ಕೊಂಚ ಬೇರೆ. ಗೆರೆ ಕಾಣದಿದ್ದರೆ ಉಸಿರು ಊದಿ ನೋಡಿ. ಆವಿ ಆರುವ ಆ ಗಳಿಗೆಯಲ್ಲಿ ಅದು ಎಷ್ಟೋ ಸಲ ಎದ್ದು ಕಾಣುತ್ತದೆ.

ಎರಕದಲ್ಲಿ ಒಳಮೂಲೆಗಳು ಮೊಂಡು. ದಪ್ಪ ಭಾಗಗಳಲ್ಲಿ ಸೂಜಿಮೊನೆಯಷ್ಟು ತೂತುಗಳು ಸಿಗಬಹುದು. ಕರಗಿದ ಬೆಳ್ಳಿ ಆಮ್ಲಜನಕವನ್ನು ಹೀರಿಕೊಳ್ಳುತ್ತದೆ, ಗಟ್ಟಿಯಾಗುವಾಗ ಹೊರಬಿಡುತ್ತದೆ. ಜೊತೆಗೆ ಲೋಹವೂ ಕುಗ್ಗುತ್ತದೆ. ಲೋಹ ಒಳಹರಿದ ಕಡ್ಡಿಯನ್ನು ಕತ್ತರಿಸಿ ಅರ ಹಾಕಿದ ಸಪಾಟು ಜಾಗ ಎಷ್ಟೋ ಸಲ ಎಲ್ಲೋ ಒಂದು ಕಡೆ ಉಳಿದಿರುತ್ತದೆ, ಹುಡುಕಿ. ಸಂದುಗಳಲ್ಲಿ ಒಂದೇ ಅಂತರದ ಮೆಟ್ಟಿಲುಗೆರೆಗಳಿದ್ದರೆ ಎರಕದ ಅಚ್ಚಿಗಾಗಿ ಮೊದಲು ಮಾಡುವ ಮೇಣದ ಮಾದರಿ 3ಡಿ ಪ್ರಿಂಟರ್‌ನಲ್ಲಿ ಮೂಡಿದ್ದು.

ಇಲ್ಲೊಂದು ಎಡವುವ ಜಾಗವಿದೆ. ಕೈಯಲ್ಲಿ ಮಾಡಿದ ಮೂಲ ಒಡವೆಯಿಂದ ರಬ್ಬರ್ ಅಚ್ಚು ತೆಗೆದಿದ್ದರೆ ಅದರ ಅರದ ಗೀರು, ಬೆಸುಗೆಯ ಉಬ್ಬು ಕೂಡ ಎರಕಕ್ಕೆ ಇಳಿಯುತ್ತವೆ. ಆದರೆ ಬೆಸುಗೆಯ ಬಣ್ಣ ಇಳಿಯುವುದಿಲ್ಲ. ಓಲೆಯ ಜೋಡಿ ಸಿಕ್ಕರೆ ಎರಡನ್ನೂ ಪಕ್ಕಪಕ್ಕ ಇಡಿ: ಅದೇ ಗೀರು ಅದೇ ಜಾಗದಲ್ಲಿದ್ದರೆ ಎರಡೂ ಒಂದೇ ಅಚ್ಚಿನ ಮಕ್ಕಳು. ಇಷ್ಟು ಖಚಿತವಾದ ಪರೀಕ್ಷೆ ಇನ್ನೊಂದು ಕಡಿಮೆ.

ಗುಂಡು, ತಂತಿ, ಗೆರೆ

ಬಿಡಿ ಗುಂಡನ್ನು ಕೂರಿಸಿದ್ದರೆ ಅದು ತಗಡಿಗೆ ಸಣ್ಣ ಕತ್ತಿನಲ್ಲಿ ಅಂಟಿರುತ್ತದೆ, ಸುತ್ತ ಕೆಳಗೆ ನೆರಳು ಬೀಳುತ್ತದೆ. ಬೆಸುಗೆ ಹೆಚ್ಚಾದರೆ ಆ ಸಂದು ತುಂಬಿಹೋಗುತ್ತದೆ. ಎರಕದ ಗುಂಡು ಬರೀ ಅರ್ಧಗೋಳ, ಕತ್ತೇ ಇಲ್ಲ. ತಂತಿ ಕೆಲಸಕ್ಕೂ ಇದೇ ಮಾತು: ಹೊಸೆದ ಎಳೆಗಳನ್ನು ಬುಡದವರೆಗೂ ಬಿಡಿಬಿಡಿಯಾಗಿ ಎಣಿಸಲು ಬರಬೇಕು.

ಕೊರೆದ ಗೆರೆಯಲ್ಲಿ ಲೋಹ ಕಿತ್ತುಬಂದಿರುತ್ತದೆ: ತಳ ಹೊಳಪು, ಅಂಚು ಚೂಪು. ಉಳಿಯಿಂದ ತಟ್ಟಿದ ಗೆರೆಯಲ್ಲಿ ಲೋಹ ಬದಿಗೆ ಸರಿದಿರುತ್ತದೆ. ಅಂಚು ಗುಂಡಗೆ, ತಳದಲ್ಲಿ ಒಂದರ ಮೇಲೊಂದು ಏಟಿನ ಗುರುತು. ಉಬ್ಬುಕೆಲಸದ ಹಿಂಬದಿಯ ಗುಳಿಗಳಲ್ಲೂ ಏಟುಗಳು ಒಂದೊಂದೂ ಬೇರೆ ಬೇರೆ ಆಳ, ಎತ್ತರದ ತುದಿಗಳಲ್ಲಿ ತಗಡು ತೆಳು. ಅಚ್ಚೊತ್ತಿದ್ದರ ಹಿಂಬದಿ ನುಣುಪು.

ಕೊನೆಗೆ ಕಾಗದವನ್ನು ಪಕ್ಕಕ್ಕೆ ಹಿಡಿದು ಅದರ ಬಿಳುಪು ಬೆಳ್ಳಿಯಲ್ಲಿ ಪ್ರತಿಫಲಿಸುವಂತೆ ಮಾಡಿ. ನೇರಳೆ ಮಿಶ್ರಿತ ಬೂದು ಕಲೆ ಕಂಡರೆ ಬೆಂಕಿಯ ಗುರುತು ಅದು. ಕಾಯಿಸುವಾಗ ಬೆಳ್ಳಿಯಲ್ಲಿ ಬೆರೆಸಿದ್ದ ತಾಮ್ರ ಆಕ್ಸೈಡ್ ಆಗಿದೆ. ಕಲೆ ಇಲ್ಲವೆಂದ ಮಾತ್ರಕ್ಕೆ ಕಾಯಿಸಿಲ್ಲ ಎನ್ನಲಾಗದು, ಮೇಲೆ ಬೆಳ್ಳಿ ಅಥವಾ ರೋಡಿಯಂ ಲೇಪವಿದ್ದರೆ ಅದು ಮುಚ್ಚಿಹೋಗುತ್ತದೆ.