ಬಾದಾಮಿ ಮಾವಿನ ವಾಟೆ ನೆಟ್ಟರೆ ಬಾದಾಮಿಯೇ ಬಿಟ್ಟೀತೇ?

ಪ್ರಶ್ನೆ: ಈ ಬೇಸಿಗೆಯಲ್ಲಿ ತಿಂದ ಬಾದಾಮಿ ಮಾವಿನ ವಾಟೆಯನ್ನು ಮನೆಯಲ್ಲೇ ನೆಟ್ಟು ಬೆಳೆಸಿದರೆ ಅದೇ ರುಚಿಯ ಹಣ್ಣು ಸಿಗುತ್ತದೆಯೇ?

ಉತ್ತರ: ಗಿಡವೇನೋ ಸುಲಭವಾಗಿ ಬೆಳೆಯುತ್ತದೆ, ಆದರೆ ಅದೇ ಹಣ್ಣನ್ನು ನಿರೀಕ್ಷಿಸಿ ನೆಡುವಂತಿಲ್ಲ. ಬಾದಾಮಿ, ರಸಪುರಿ, ನೀಲಂ ಮುಂತಾದ ತಳಿಗಳ ವಾಟೆಯಲ್ಲಿ ಪರಾಗಸ್ಪರ್ಶದಿಂದ ಹುಟ್ಟಿದ ಒಂದೇ ಭ್ರೂಣವಿರುತ್ತದೆ. ಹೂವಿಗೆ ಬಂದ ನೊಣ ಯಾವ ಮರದ ಪರಾಗವನ್ನು ಹೊತ್ತು ತಂದಿತ್ತೋ ಆ ಮರದ ಗುಣವೂ ಸಸಿಯಲ್ಲಿ ಸೇರಿರುವುದರಿಂದ, ಹಣ್ಣು ನಾರಾಗಬಹುದು, ಹುಳಿಯಾಗಬಹುದು, ಅಪರೂಪಕ್ಕೆ ತಾಯಿಯನ್ನೂ ಮೀರಿಸಬಹುದು. ನೀಲಂ ಮತ್ತು ದಶೇರಿಗಳ ಸಂಕರದಿಂದ ಬಂದ ಮಲ್ಲಿಕಾ ಅಂಥ ಅದೃಷ್ಟದ ಫಲವೇ ಆದರೂ, ಬೇಕೆಂದೇ ಸಂಕರ ಮಾಡಿ ಅದನ್ನು ಆರಿಸಿದವರು ತಳಿ ವಿಜ್ಞಾನಿಗಳು. ಓಲೂರು, ಬಪ್ಪಕಾಯಿಯಂಥ ಪಶ್ಚಿಮ ಕರಾವಳಿಯ ತಳಿಗಳ ಮಾತು ಬೇರೆ: ಅವುಗಳ ಒಂದೇ ವಾಟೆಯಿಂದ ಹಲವು ಮೊಳಕೆಗಳು ಬರುತ್ತವೆ, ಅವುಗಳಲ್ಲಿ ಹೆಚ್ಚಿನವು ತಾಯಿಮರದ ಅಂಗಾಂಶದಿಂದಲೇ ಹುಟ್ಟುವುದರಿಂದ ತಾಯಿಯ ಗುಣವನ್ನೇ ಉಳಿಸಿಕೊಳ್ಳುತ್ತವೆ.

ಹಾಗೆಂದು ವಾಟೆಯನ್ನು ಎಸೆಯಬೇಕಾಗಿಲ್ಲ. ಒಣಗಿಸಿಟ್ಟರೆ ಮೊಳೆಯುವ ಶಕ್ತಿ ಕೆಲವೇ ವಾರಗಳಲ್ಲಿ ಹೋಗುತ್ತದೆ. ಆದ್ದರಿಂದ ತಿರುಳನ್ನು ಚೆನ್ನಾಗಿ ತೊಳೆದು, ಒಂದು ದಿನ ನೆರಳಲ್ಲಿ ಆರಿಸಿ, ಅಂಚನ್ನು ಕತ್ತರಿಯಿಂದ ಬಿಡಿಸಿ ಒಳಗಿನ ಬೀಜವನ್ನು ಹೊರತೆಗೆಯಿರಿ. ಒಳಗೆ ಹುಳು ಕೊರೆದು ಕಪ್ಪು ಹಿಟ್ಟಿನಂತಾಗಿದ್ದರೆ ಅದು ಕೆಲಸಕ್ಕೆ ಬಾರದು. ಗಟ್ಟಿಯಾದ ಬೀಜವನ್ನು, ಉಬ್ಬಿದ ಬೆನ್ನು ಮೇಲೆ ಬರುವಂತೆ, ಒಂದು ಅಂಗುಲ ಆಳದಲ್ಲಿ ಮರಳು ಬೆರೆತ ಸಡಿಲ ಮಣ್ಣಿನಲ್ಲಿ ಊರಿದರೆ ಸಾಮಾನ್ಯವಾಗಿ ಎರಡು ಮೂರು ವಾರಗಳಲ್ಲಿ ಮೊಳೆಯುತ್ತದೆ. ತಾಯಿಬೇರು ಬೇಗನೆ ಆಳಕ್ಕಿಳಿಯುವುದರಿಂದ ಅಗಲವಾದ ಕುಂಡಕ್ಕಿಂತ ಆಳವಾದ ಚೀಲ ಒಳ್ಳೆಯದು.

ಚಿಗುರೆಲೆಗಳು ಇನ್ನೂ ತಾಮ್ರದ ಬಣ್ಣದಲ್ಲಿದ್ದು ಕಾಂಡ ಎಳಸಾಗಿರುವ ಆ ಹತ್ತು ಹದಿನೈದು ದಿನಗಳೇ ಕಸಿಗೆ ತಕ್ಕ ಸಮಯ. ನಿಮಗೆ ಬಾದಾಮಿಯೇ ಬೇಕಿದ್ದರೆ, ಫಲ ಬಿಡುತ್ತಿರುವ ಬಾದಾಮಿ ಮರದಿಂದ ಸಸಿಯ ಕಾಂಡದಷ್ಟೇ ದಪ್ಪದ ಕಡ್ಡಿಯನ್ನು ತಂದು, ತುದಿಯನ್ನು ಬೆಣೆಯಂತೆ ಕೆತ್ತಿ, ಸಸಿಯ ಕಾಂಡವನ್ನು ಕತ್ತರಿಸಿ ಸೀಳಿ ಅದರೊಳಗೆ ಕೂರಿಸಿ, ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿಯಾಗಿ ಕಟ್ಟಬೇಕು. ಗಾಳಿಯಲ್ಲಿ ತೇವ ತುಂಬಿರುವ ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಇದು ಚೆನ್ನಾಗಿ ಹಿಡಿಯುತ್ತದೆ. ಬೀಜದ ಗಿಡ ಫಲಕ್ಕೆ ಬರಲು ಆರೆಂಟು ವರ್ಷ, ಕೆಲವೊಮ್ಮೆ ಇನ್ನೂ ಹೆಚ್ಚು ಬೇಕಾದರೆ, ಕಸಿ ಗಿಡ ಮೂರು ನಾಲ್ಕು ವರ್ಷಗಳಲ್ಲಿ ಕಾಯಿ ಬಿಡುತ್ತದೆ. ಕಸಿಗಂಟಿನ ಕೆಳಗೆ ಚಿಗುರು ಬಂದರೆ ಆಗಾಗ ಚಿವುಟುತ್ತಿರಿ. ಇಲ್ಲವಾದರೆ ವಾಟೆಯ ಗಿಡವೇ ಮೇಲೆದ್ದು ಬಾದಾಮಿಯ ಕೊಂಬೆ ಸೊರಗುತ್ತದೆ.